ಹಳೆಯ ಕಂಪ್ಯೂಟರ್ ಬಿಸಾಡುವ ಮುಂಚೆ: ವಿಂಡೋಸನ್ನು ಎಸ್‌ಎಸ್‌ಡಿಗೆ ಸಾಗಿಸುವುದು ಹೇಗೆ

ದಾವಣಗೆರೆಯ ಮಂಡಿಪೇಟೆಯಲ್ಲಿ ನಮ್ಮ ಮಾವನ ಅಂಗಡಿ ಇದೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಮಾವ ಮೊದಲು ಕಂಪ್ಯೂಟರ್ ಆನ್ ಮಾಡುತ್ತಾರೆ. ಆಮೇಲೆ ಕಸ ಗುಡಿಸಿ, ಹೊಸ್ತಿಲಿಗೆ ನೀರು ಹಾಕಿ, ದೇವರ ಫೋಟೋಗೆ ಊದಿನಕಡ್ಡಿ ಹಚ್ಚಿ, ಟೀ ತರಿಸಿ ಕುಡಿಯುತ್ತಾರೆ. ಅಷ್ಟೊತ್ತಿಗೆ ವಿಂಡೋಸ್ ತೆರೆದುಕೊಂಡಿರುತ್ತಿತ್ತು. ಲೆಕ್ಕದ ತಂತ್ರಾಂಶ ಟ್ಯಾಲಿ ತೆರೆಯಲು ಇನ್ನೊಂದಷ್ಟು ಹೊತ್ತು ಬೇಕಿತ್ತು. ಮೊದಲ ಗಿರಾಕಿ ಬಿಲ್ಲಿಗೆ ಕಾಯುತ್ತಾ ನಿಂತಿರುತ್ತಿದ್ದ. "ಇದರ ಆಯಸ್ಸು ಮುಗೀತು, ಹೊಸದು ತಗೊಳ್ಳಿ" ಅಂತ ಯಾರೋ ಹೇಳಿದ್ದರು. ಮಾವ ಹೆಚ್ಚುಕಡಿಮೆ ಒಪ್ಪಿಯೂ ಇದ್ದರು.

ಒಂದು ಭಾನುವಾರ ಹೋಗಿ ನೋಡಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಪ್ರೊಸೆಸರ್‌ಗೆ ಹೆಚ್ಚು ಕೆಲಸವೇ ಇರಲಿಲ್ಲ. ಮೆಮೊರಿ ಅರ್ಧ ಖಾಲಿ ಇತ್ತು. ಡಿಸ್ಕ್ ಮಾತ್ರ 100 ಪರ್ಸೆಂಟ್‌ಗೆ ಹೋಗಿ ಇಳಿಯುತ್ತಲೇ ಇರಲಿಲ್ಲ. ಕಂಪ್ಯೂಟರ್‌ಗೆ ವಯಸ್ಸಾಗಿರಲಿಲ್ಲ. ಅದರೊಳಗಿನ ಒಂದು ಭಾಗ ಉಳಿದ ಭಾಗಗಳನ್ನೆಲ್ಲ ಕಾಯಿಸುತ್ತಿತ್ತು.

ಫೈಲುಗಳನ್ನೆಲ್ಲ ಇಟ್ಟುಕೊಳ್ಳುವ ಹಳೆಯ ಹಾರ್ಡ್ ಡಿಸ್ಕ್ ಒಳಗೆ ತಟ್ಟೆಗಳು ತಿರುಗುತ್ತವೆ. ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಡೆಸ್ಕ್‌ಟಾಪ್‌ಗಳಲ್ಲಿ ಹೆಚ್ಚಾಗಿ 7200 ಸುತ್ತು. ಓದುವ ತಲೆಯೊಂದು ಆ ತಟ್ಟೆಯ ಮೇಲೆ ಆ ಕಡೆ ಈ ಕಡೆ ಓಡಾಡಬೇಕು. ನಮ್ಮ ಮಂಡಿಯ ಲೆಕ್ಕದಲ್ಲಿ ಹೇಳುವುದಾದರೆ, ದೊಡ್ಡ ಗೋದಾಮಿಗೆ ಒಬ್ಬನೇ ಹಮಾಲಿ. ಒಂದೇ ಮೂಲೆಯ ನೂರು ಚೀಲ ಎತ್ತು ಅಂದರೆ ಸಲೀಸಾಗಿ ಎತ್ತುತ್ತಾನೆ. ನೂರು ಮೂಲೆಯಿಂದ ಒಂದೊಂದು ಚೀಲ ತಾ ಅಂದರೆ ಅವನ ಹೊತ್ತೆಲ್ಲ ನಡೆಯುವುದರಲ್ಲೇ ಹೋಗುತ್ತದೆ. ವಿಂಡೋಸ್ ಶುರುವಾಗುವಾಗ ಕೇಳುವುದು ಇದನ್ನೇ: ಸಾವಿರಾರು ಚಿಕ್ಕ ಫೈಲು, ಒಂದೊಂದೂ ಒಂದೊಂದು ಕಡೆ. ಹಾರ್ಡ್ ಡಿಸ್ಕ್ ಇಂಥ ಚಿಕ್ಕ ತುಣುಕುಗಳನ್ನು ಸೆಕೆಂಡಿಗೆ ನೂರರ ಆಸುಪಾಸಿನಲ್ಲಿ ಓದುತ್ತದೆ. ಅದರ ಬದಲು ಹಾಕುವ ಎಸ್‌ಎಸ್‌ಡಿ ಅನ್ನುವ ಹೊಸ ಬಗೆಯ ಡಿಸ್ಕಿನಲ್ಲಿ ತಿರುಗುವ ತಟ್ಟೆಯೇ ಇಲ್ಲ, ಎಲ್ಲವೂ ಚಿಪ್. ಅದು ಸಾವಿರಗಟ್ಟಲೆ ಓದುತ್ತದೆ. ಹಾಗಾಗಿ ಡಿಸ್ಕ್ ಬದಲಿಸಿದರೆ ಇಡೀ ಕಂಪ್ಯೂಟರ್ ಬದಲಿಸಿದ ಹಾಗೆ ಅನ್ನಿಸುತ್ತದೆ.

ಇನ್ನೊಂದು ಲಾಭವೂ ಇದೆ. ಹರಿಹರದಿಂದಲೋ ಚನ್ನಗಿರಿಯಿಂದಲೋ ದಿನಾ ಬಸ್ಸಿನಲ್ಲಿ ಕಾಲೇಜಿಗೆ ಬರುವ ಮಕ್ಕಳ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಕುಲುಕುತ್ತಲೇ ಇರುತ್ತದೆ. ಆನ್ ಇದ್ದಾಗ ಪೆಟ್ಟು ಬಿದ್ದರೆ ತಿರುಗುವ ಡಿಸ್ಕ್ ಹಾಳಾಗಬಹುದು. ಎಸ್‌ಎಸ್‌ಡಿಗೆ ಆ ಭಯ ಇಲ್ಲ.

ಮೊದಲು ನಿಮ್ಮದನ್ನು ನೋಡಿಕೊಳ್ಳಿ

ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್ ಅನ್ನುವ ಕಡೆ ಹೋಗಿ ಡಿಸ್ಕ್ ಮೇಲೆ ಒತ್ತಿ. ಅದು ಎಚ್‌ಡಿಡಿಯೋ (ಹಾರ್ಡ್ ಡಿಸ್ಕ್) ಎಸ್‌ಎಸ್‌ಡಿಯೋ ಅಂತ ಅಲ್ಲೇ ಬರೆದಿರುತ್ತದೆ. ಎಷ್ಟೋ ಜನರ ಲ್ಯಾಪ್‌ಟಾಪ್‌ನಲ್ಲಿ ಆಗಲೇ ಎಸ್‌ಎಸ್‌ಡಿ ಇರುತ್ತದೆ, ಅವರಿಗೆ ಗೊತ್ತಿರುವುದಿಲ್ಲ. ಮೆಮೊರಿಯನ್ನೂ ನೋಡಿ. 4 ಜಿಬಿ ಇದ್ದು ಅದು ಸದಾ ತುಂಬಿಕೊಂಡೇ ಇದ್ದರೆ ಎಸ್‌ಎಸ್‌ಡಿ ಜೊತೆಗೆ ರ‍್ಯಾಮ್ (ಅಂದರೆ ಈ ಮೆಮೊರಿ) ಕೂಡ ಹೆಚ್ಚಿಸಬೇಕು.

ಎಸ್‌ಎಸ್‌ಡಿ ಹಾಕಿದರೂ ಬದಲಾಗದ ವಿಷಯ ಒಂದಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು. ನಿಮ್ಮದು ಅದಕ್ಕಿಂತ ಹಳೆಯದಾಗಿದ್ದು, ಬರೀ ಇಂಟರ್ನೆಟ್ ನೋಡಲು, ಪತ್ರ ಬರೆಯಲು ಬಳಸುತ್ತಿದ್ದರೆ ಎಸ್‌ಎಸ್‌ಡಿ ಹಾಕಿ ವಿಂಡೋಸ್ ಬದಲಿಗೆ ಉಚಿತವಾದ ಲಿನಕ್ಸ್ ಮಿಂಟ್ ಇನ್‌ಸ್ಟಾಲ್ ಮಾಡುವುದನ್ನೂ ಯೋಚಿಸಿ. ಕನ್ನಡ ಯೂನಿಕೋಡ್ ಅದರಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಯಾವ ಎಸ್‌ಎಸ್‌ಡಿ ತರಬೇಕು?

ಜನ ಹೆಚ್ಚಾಗಿ ತಪ್ಪುವುದು ಇಲ್ಲೇ. ಎಸ್‌ಎಸ್‌ಡಿ ಎಲ್ಲವೂ ಒಂದೇ ಅಲ್ಲ.

ಒಂದು, ಎರಡೂವರೆ ಇಂಚಿನ ಸಾಟಾ (ಹಾರ್ಡ್ ಡಿಸ್ಕ್‌ಗಳ ಮಾಮೂಲಿ ಜೋಡಣೆ) ಎಸ್‌ಎಸ್‌ಡಿ. ಲ್ಯಾಪ್‌ಟಾಪಿನ ಹಳೆಯ ಹಾರ್ಡ್ ಡಿಸ್ಕ್ ಇರುವ ಜಾಗಕ್ಕೇ ಕೂರುತ್ತದೆ. ದಪ್ಪ 7 ಮಿಲಿಮೀಟರ್. ನಿಮ್ಮ ಹಳೆಯದು 9.5 ಮಿಲಿಮೀಟರ್ ಇದ್ದರೆ ಇದು ಸ್ವಲ್ಪ ಸಡಿಲ ಆಗುತ್ತದೆ, ಒಂದು ಪ್ಲಾಸ್ಟಿಕ್ ಪಟ್ಟಿ ಇಟ್ಟರೆ ಸಾಕು. ವೇಗ ಸೆಕೆಂಡಿಗೆ ಸುಮಾರು 550 ಎಂಬಿವರೆಗೆ.

ಇನ್ನೊಂದು, ಎಂ.2 ಅನ್ನುವ ಪಟ್ಟಿಯಂಥದ್ದು. 22 ಮಿಲಿಮೀಟರ್ ಅಗಲ, ಸಾಮಾನ್ಯವಾಗಿ 80 ಮಿಲಿಮೀಟರ್ ಉದ್ದ. ಅದಕ್ಕೇ 2280 ಅಂತ ಬರೆದಿರುತ್ತಾರೆ. ಇದರಲ್ಲೇ ಮತ್ತೆ ಎರಡು ಜಾತಿ. ಎಂ.2 ಸಾಟಾ ಒಂದು, ಎಂ.2 ಎನ್‌ವಿಎಂಇ ಇನ್ನೊಂದು. ನೋಡಲು ಅಣ್ಣತಮ್ಮಂದಿರ ಹಾಗಿದ್ದರೂ ಒಂದರ ಸ್ಲಾಟಿನಲ್ಲಿ ಇನ್ನೊಂದು ಕೆಲಸ ಮಾಡಬೇಕೆಂದಿಲ್ಲ. ಎನ್‌ವಿಎಂಇ ಬಹಳ ಚುರುಕು, ಮೂರನೇ ತಲೆಮಾರಿನದೇ ಸೆಕೆಂಡಿಗೆ 3500 ಎಂಬಿ ಮುಟ್ಟುತ್ತದೆ. ಆದರೆ ಹಾರ್ಡ್ ಡಿಸ್ಕಿನಿಂದ ಬರುವವರಿಗೆ ಸಾಟಾ ಎಸ್‌ಎಸ್‌ಡಿಯೇ ದೊಡ್ಡ ಜಿಗಿತ. ನಿಮ್ಮ ಯಂತ್ರದಲ್ಲಿ ಎನ್‌ವಿಎಂಇ ಸ್ಲಾಟ್ ಇಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ.

ಅಂಗಡಿಗೆ ಹೋಗುವ ಮುಂಚೆ ಲ್ಯಾಪ್‌ಟಾಪಿನ ಅಡಿಯಲ್ಲಿರುವ ಮಾಡೆಲ್ ನಂಬರನ್ನು ಫೋಟೋ ತೆಗೆದುಕೊಳ್ಳಿ. ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾಡೆಲ್‌ನ ಸರ್ವೀಸ್ ಕೈಪಿಡಿ ಸಿಕ್ಕರೆ ಯಾವ ಸ್ಲಾಟ್ ಇದೆ ಅಂತ ಖಚಿತವಾಗುತ್ತದೆ. ಅಂದಾಜಿನ ಮೇಲೆ ತರಬೇಡಿ.

ಗಾತ್ರ ಎಷ್ಟು? ಸಿ ಡ್ರೈವ್‌ನಲ್ಲಿ ಈಗ ತುಂಬಿರುವುದರ ಎರಡರಷ್ಟಾದರೂ ಇರಲಿ. 256 ಜಿಬಿ ಅಂತ ಬರೆದಿದ್ದು ವಿಂಡೋಸ್‌ನಲ್ಲಿ 238 ಅಂತ ಕಾಣುತ್ತದೆ, 500 ಜಿಬಿಯದು 465 ಅಂತ. ಅದು ಮೋಸ ಅಲ್ಲ, ಎಣಿಸುವ ರೀತಿಯ ವ್ಯತ್ಯಾಸ. ಮೋಸ ಇರುವುದು ಬೇರೆ ಕಡೆ: ಹೆಸರು ಕೇಳಿರದ, ನಂಬಲಾಗದಷ್ಟು ಕಡಿಮೆ ಬೆಲೆಯ ದೊಡ್ಡ ಗಾತ್ರದ ಎಸ್‌ಎಸ್‌ಡಿಗಳಲ್ಲಿ. ಸೀಲ್ ಇರುವ ಡಬ್ಬಿ, ವಾರಂಟಿ ಇರುವ ಬಿಲ್ಲು, ಎರಡನ್ನೂ ಕೇಳಿ ತಗೊಳ್ಳಿ.

ಹಳೆಯದರಲ್ಲಿ ಇರುವುದನ್ನು ಹೊಸದಕ್ಕೆ ನಕಲಿಸಲು ಜೊತೆಗೆ ಬೇಕಾಗುವುದು: ಲ್ಯಾಪ್‌ಟಾಪ್ ಆದರೆ ಸಾಟಾದಿಂದ ಯುಎಸ್‌ಬಿಗೆ ಹೋಗುವ ಕೇಬಲ್. ಎಂ.2 ಆದರೆ ಅದೇ ಜಾತಿಗೆ ಹೊಂದುವ ಯುಎಸ್‌ಬಿ ಡಬ್ಬಿ. ಲ್ಯಾಪ್‌ಟಾಪಿನಲ್ಲಿ ಎಂ.2 ಸ್ಲಾಟ್ ಖಾಲಿ ಇದ್ದರೆ ಇದು ಯಾವುದೂ ಬೇಡ, ನೇರ ಕೂರಿಸಿ ಒಳಗೇ ನಕಲು ಮಾಡಬಹುದು. ಡೆಸ್ಕ್‌ಟಾಪಿಗೆ ಒಂದು ಸಾಟಾ ಕೇಬಲ್, ಒಂದು ಬ್ರಾಕೆಟ್. ಮತ್ತೆ ಒಳ್ಳೆಯ ಚಿಕ್ಕ ಸ್ಕ್ರೂಡ್ರೈವರ್. ಮೊಂಡು ಸ್ಕ್ರೂಡ್ರೈವರ್ ಸ್ಕ್ರೂವಿನ ತಲೆ ಸವೆಸಿಬಿಡುತ್ತದೆ. ಆಮೇಲೆ ಅದನ್ನು ಬಿಚ್ಚುವುದೇ ದೊಡ್ಡ ಕೆಲಸ.

ಹೊಸದಾಗಿ ಹಾಕುವುದೋ, ಇದ್ದದ್ದನ್ನೇ ಸಾಗಿಸುವುದೋ?

ನಮ್ಮ ಕಡೆ ರಿಪೇರಿಗೆ ಕೊಟ್ಟರೆ ಮೊದಲು ಬರುವ ಮಾತು "ಫಾರ್ಮ್ಯಾಟ್ ಮಾಡಿಬಿಡೋಣ". ಕೆಲವೊಮ್ಮೆ ಅದೇ ಸರಿ. ವೈರಸ್ ಹಿಡಿದಿದ್ದರೆ, ವಿಂಡೋಸ್ ಒಳಗೇ ಕೆಟ್ಟಿದ್ದರೆ, ಹೊಸ ಎಸ್‌ಎಸ್‌ಡಿಗೆ ಹೊಸದಾಗಿ ವಿಂಡೋಸ್ ಹಾಕಿ. 8 ಜಿಬಿ ಪೆನ್‌ಡ್ರೈವ್ ಮತ್ತು ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಸಾಕು. ಡಿಜಿಟಲ್ ಲೈಸೆನ್ಸ್ ಇದ್ದರೆ ಅದು ಮುಖ್ಯವಾಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಇಂಟರ್ನೆಟ್ ಸಿಕ್ಕ ಕೂಡಲೇ ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ.

ಆದರೆ ವ್ಯಾಪಾರದ ಕಂಪ್ಯೂಟರ್‌ಗೆ ನಾನು ಕ್ಲೋನ್ ಮಾಡಿ ಅಂತಲೇ ಹೇಳುತ್ತೇನೆ. ಕ್ಲೋನ್ ಅಂದರೆ ಹಳೆಯ ಡಿಸ್ಕಿನಲ್ಲಿ ಇರುವುದನ್ನೆಲ್ಲ ಇದ್ದ ಹಾಗೇ ಹೊಸದಕ್ಕೆ ನಕಲಿಸುವುದು. ಟ್ಯಾಲಿ, ಪ್ರಿಂಟರಿನ ಡ್ರೈವರ್, ಡಿಜಿಟಲ್ ಸಹಿಯ ಟೋಕನ್‌ನ ಸಾಫ್ಟ್‌ವೇರ್, ಎಲ್ಲ ಇದ್ದಲ್ಲೇ ಇರುತ್ತದೆ. ಕನ್ನಡದವರಿಗೆ ಇನ್ನೂ ಒಂದು ಕಾರಣ ಇದೆ. ನುಡಿ, ಬರಹದ ಹಳೆಯ ಅಕ್ಷರಶೈಲಿಯಲ್ಲಿ ಬರೆದ ಫೈಲುಗಳು. ಯೂನಿಕೋಡ್ ಅಲ್ಲದ ಆ ಫೈಲುಗಳನ್ನು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಎಷ್ಟೋ ಮಂದಿ "ಫೈಲ್ ಕೆಟ್ಟಿದೆ" ಅಂತ ಅಳಿಸಿಬಿಡುತ್ತಾರೆ. ಸಂಘದ ಠರಾವು, ಮದುವೆ ಪತ್ರಿಕೆ, ಅಜ್ಜ ಹೇಳಿ ಬರೆಸಿದ ಮನೆತನದ ವಿವರ, ಹೀಗೆ ಹೋಗಿದ್ದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗಿದೆ. ಫಾರ್ಮ್ಯಾಟ್ ಮಾಡಲೇಬೇಕಾದರೆ ಹಳೆಯ ಫಾಂಟ್‌ಗಳನ್ನು ಮೊದಲೇ ಕಾಪಿ ಮಾಡಿಟ್ಟುಕೊಳ್ಳಿ.

ನಕಲಿಗೆ ಮುಂಚಿನ ತಯಾರಿ

ಇದಕ್ಕೆ ಅರ್ಧ ದಿನ ಹೋದರೂ ಚಿಂತೆಯಿಲ್ಲ. ಮುಂದಿನ ಕೆಲಸ ಸಲೀಸಾಗುವುದು ಇದರಿಂದಲೇ.

ಮೊದಲು ಬ್ಯಾಕಪ್. ಫೋಟೋ, ಲೆಕ್ಕದ ಫೋಲ್ಡರ್, ಕನ್ನಡದ ಫೈಲುಗಳು, ಎಲ್ಲವನ್ನೂ ಮೂರನೆಯ ಒಂದು ಜಾಗಕ್ಕೆ ಹಾಕಿ. ಮೂರನೆಯದು ಅಂತ ಒತ್ತಿ ಹೇಳುತ್ತಿದ್ದೇನೆ. ಹಳೆಯ ಡಿಸ್ಕೂ ಅಲ್ಲ, ಹೊಸ ಎಸ್‌ಎಸ್‌ಡಿಯೂ ಅಲ್ಲ.

ಆಮೇಲೆ ಹಳೆಯ ಡಿಸ್ಕಿನ ಆರೋಗ್ಯ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ತಂತ್ರಾಂಶ ಇದೆ. ನೀಲಿ ತೋರಿಸಿದರೆ ಚೆನ್ನಾಗಿದೆ. ಹಳದಿ ಅಥವಾ ಕೆಂಪು ಬಂದರೆ ಡಿಸ್ಕ್ ಸಾಯುವ ಹಾದಿಯಲ್ಲಿದೆ ಅಂತ ತಿಳಿಯಿರಿ. ಅಂಥದ್ದನ್ನು ಕ್ಲೋನ್ ಮಾಡಲು ಹೋಗಿ ಗಂಟೆಗಟ್ಟಲೆ ಓಡಿಸಬೇಡಿ. ಮುಖ್ಯವಾದ ಫೈಲುಗಳನ್ನು ಮೊದಲು ಎತ್ತಿಕೊಳ್ಳಿ, ವಿಂಡೋಸ್ ಹೊಸದಾಗಿ ಹಾಕಿಕೊಳ್ಳಿ.

ಸಿ ಡ್ರೈವ್ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್, ಟೂಲ್ಸ್, ಚೆಕ್ ಅಂತ ಹೋಗಿ ದೋಷ ಇದೆಯಾ ನೋಡಿ. ಬೇಡದ ತಂತ್ರಾಂಶ ತೆಗೆಯಿರಿ, ರಿಸೈಕಲ್ ಬಿನ್ ಖಾಲಿ ಮಾಡಿ. ಕಸವನ್ನು ಯಾಕೆ ಹೊಸ ಮನೆಗೆ ಒಯ್ಯಬೇಕು, ಅಲ್ವಾ?

ಡಿಸ್ಕಿಗೆ ಬೀಗ ಹಾಕಿದ ಹಾಗೆ ಕಾಯುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯಾ ಅಂತ ಸೆಟ್ಟಿಂಗ್ಸ್‌ನಲ್ಲಿ ನೋಡಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನಾವು ಕೇಳದೆಯೇ ಅದು ಆನ್ ಆಗಿರುತ್ತದೆ. ರಿಕವರಿ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಅದನ್ನು ಕಾಗದದ ಮೇಲೆ ಬರೆದುಕೊಂಡು, ಎನ್‌ಕ್ರಿಪ್ಷನ್ ಆಫ್ ಮಾಡಿ, ಪೂರ್ತಿ ಆಫ್ ಆಗುವವರೆಗೆ ಕಾಯಿರಿ. ಇದನ್ನು ಬಿಟ್ಟರೆ ಹೊಸ ಡಿಸ್ಕಿನಿಂದ ಶುರುವಾದಾಗ 48 ಅಂಕಿಯ ಕೀ ಕೇಳಿ ನಿಂತುಬಿಡಬಹುದು.

ಟ್ಯಾಲಿ ಬಳಸುವವರು ಲೈಸೆನ್ಸನ್ನು ಮೊದಲು ಸರೆಂಡರ್ ಮಾಡಿ (ಈ ಕಂಪ್ಯೂಟರಿನಿಂದ ಬಿಡಿಸಿ), ಡಿಸ್ಕ್ ಬದಲಾದ ಮೇಲೆ ಮತ್ತೆ ಆ್ಯಕ್ಟಿವೇಟ್ ಮಾಡಿಕೊಳ್ಳುವುದು ಒಳ್ಳೆಯದು.

ಕರೆಂಟ್ ವಿಷಯ

ನನ್ನದೇ ಅನುಭವ ಹೇಳುತ್ತೇನೆ. ಮೊದಲ ಸಲ ನಮ್ಮ ಮನೆಯ ಡೆಸ್ಕ್‌ಟಾಪನ್ನು ಕ್ಲೋನ್ ಮಾಡುವಾಗ ಏಪ್ರಿಲ್ ತಿಂಗಳ ಮಧ್ಯಾಹ್ನ. ಮುಕ್ಕಾಲು ಭಾಗ ಮುಗಿದಿತ್ತು, ಕರೆಂಟ್ ಹೋಯಿತು. ನನ್ನ ಎದೆ ಧಸಕ್ ಅಂದಿತು. ಮಕ್ಕಳು ಹುಟ್ಟಿದಾಗಿನ ಫೋಟೋಗಳೆಲ್ಲ ಅದರಲ್ಲಿದ್ದವು. ಕರೆಂಟ್ ಬಂದ ಮೇಲೆ ಹಳೆಯ ಡಿಸ್ಕಿನಿಂದ ಕಂಪ್ಯೂಟರ್ ಮೊದಲಿನ ಹಾಗೇ ತೆರೆಯಿತು. ಕ್ಲೋನ್ ಮಾಡುವಾಗ ಹಳೆಯ ಡಿಸ್ಕನ್ನು ಬರೀ ಓದುತ್ತಾರೆ, ಬರೆಯುವುದು ಹೊಸದಕ್ಕೆ ಮಾತ್ರ. ಹಾಗಾಗಿ ಅರ್ಧಕ್ಕೆ ನಿಂತರೆ ಹಾಳಾಗುವುದು ಹೊಸದರಲ್ಲಿನ ನಕಲು. ಅದನ್ನು ಮೊದಲಿನಿಂದ ಮತ್ತೆ ಮಾಡಿದರಾಯಿತು. ಆದರೂ ಡೆಸ್ಕ್‌ಟಾಪಿಗೆ ಯುಪಿಎಸ್ ಇಲ್ಲದೆ ಈ ಕೆಲಸ ಶುರು ಮಾಡಬೇಡಿ. ಗಾಳಿ ಮಳೆಯ ಸಂಜೆ ಬೇಡವೇ ಬೇಡ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿರಲಿ, ಚಾರ್ಜರ್ ಹಾಕಿಯೇ ಇರಲಿ, ಸ್ಲೀಪ್ ಆಗದ ಹಾಗೆ ಸೆಟ್ಟಿಂಗ್ ಬದಲಿಸಿ.

ನಕಲು ಮಾಡುವುದು

ಮಾವನ ಹಳೆಯ ಡಿಸ್ಕ್ 1 ಟಿಬಿ, ಅದರಲ್ಲಿ ತುಂಬಿದ್ದು 140 ಜಿಬಿ ಅಷ್ಟೆ. ತಂದಿದ್ದು 500 ಜಿಬಿ ಎಸ್‌ಎಸ್‌ಡಿ. ದೊಡ್ಡದರಿಂದ ಚಿಕ್ಕದಕ್ಕೆ ಹೋಗುವಾಗ ಎಸ್‌ಎಸ್‌ಡಿ ಕಂಪನಿಯೇ ಕೊಡುವ ತಂತ್ರಾಂಶ ಸುಲಭ. ಸ್ಯಾಮ್‌ಸಂಗ್‌ನವರದು ಅವರದೇ ಇದೆ. ಕ್ರೂಷಿಯಲ್, ವೆಸ್ಟರ್ನ್ ಡಿಜಿಟಲ್‌ನವರು ಆಕ್ರೋನಿಸ್ ಟ್ರೂ ಇಮೇಜ್‌ನ ಒಂದು ಆವೃತ್ತಿ ಕೊಡುತ್ತಾರೆ. ಆ ಕಂಪನಿಯ ಡಿಸ್ಕ್ ಜೋಡಿಸಿದ್ದರೆ ಮಾತ್ರ ಅವು ಕೆಲಸ ಮಾಡುತ್ತವೆ. ಎಸ್‌ಎಸ್‌ಡಿ ಜೋಡಿಸಿ, ತಂತ್ರಾಂಶ ತೆರೆದು, ಕ್ಲೋನ್ ಆರಿಸಿ, ಮೂಲ ಯಾವುದು, ಗುರಿ ಯಾವುದು ಅಂತ ತೋರಿಸಿದರೆ ಪಾರ್ಟಿಷನ್‌ಗಳನ್ನು (ಡಿಸ್ಕಿನ ಭಾಗಗಳನ್ನು) ತಾನೇ ಕುಗ್ಗಿಸಿ ಕೂರಿಸುತ್ತದೆ.

ಅದು ಸಿಗದಿದ್ದರೆ ಕ್ಲೋನ್‌ಜಿಲ್ಲಾ ಇದೆ. ಪೂರ್ತಿ ಉಚಿತ, ನಂಬಿಕೆಯದ್ದು, ನೋಡಲು ಮಾತ್ರ ಹಳೆಯ ಕಾಲದ ಬರೀ ಅಕ್ಷರದ ಪರದೆ. ಆದರೆ ಇದಕ್ಕೆ ಹೊಸ ಡಿಸ್ಕ್ ಹಳೆಯದಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. 500 ಜಿಬಿ ಹಾರ್ಡ್ ಡಿಸ್ಕಿಗೆ 480 ಜಿಬಿ ಎಸ್‌ಎಸ್‌ಡಿ ತಂದರೆ ಅದು ಸುಮ್ನೆ ಒಪ್ಪುವುದಿಲ್ಲ. ಕೊಳ್ಳುವಾಗಲೇ ಇದನ್ನು ನೆನಪಿಡಿ.

ಕ್ಲೋನ್‌ಜಿಲ್ಲಾವನ್ನು ರೂಫಸ್ ಅನ್ನುವ ಉಚಿತ ತಂತ್ರಾಂಶ ಬಳಸಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ವಿಂಡೋಸನ್ನು ಆಫ್ ಮಾಡುವಾಗ ಶಿಫ್ಟ್ ಕೀಲಿ ಒತ್ತಿ ಹಿಡಿದು ಶಟ್‌ಡೌನ್ ಕೊಡಿ. ಇಲ್ಲದಿದ್ದರೆ ಫಾಸ್ಟ್ ಸ್ಟಾರ್ಟಪ್‌ನಿಂದ ಡಿಸ್ಕ್ ಅರ್ಧ ತೆರೆದ ಸ್ಥಿತಿಯಲ್ಲೇ ಉಳಿದು, ಕ್ಲೋನ್‌ಜಿಲ್ಲಾ ತಕರಾರು ತೆಗೆಯುತ್ತದೆ. ಆಮೇಲೆ ಎಫ್‌12, ಎಫ್‌9 ಅಥವಾ ಎಸ್ಕೇಪ್ ಒತ್ತಿ (ಕಂಪನಿಗೊಂದು ಕೀಲಿ) ಪೆನ್‌ಡ್ರೈವಿನಿಂದ ಶುರು ಮಾಡಿ. ಡಿವೈಸ್‌ನಿಂದ ಡಿವೈಸ್‌ಗೆ, ಬಿಗಿನರ್, ಡಿಸ್ಕಿನಿಂದ ಲೋಕಲ್ ಡಿಸ್ಕಿಗೆ, ಈ ಮೂರನ್ನು ಒಂದಾದ ಮೇಲೊಂದು ಆರಿಸಿ.

ಈಗ ಅದು ಮೂಲ ಯಾವುದು ಅಂತ ಕೇಳುತ್ತದೆ, ಆಮೇಲೆ ಗುರಿ ಯಾವುದು ಅಂತ. ಇಲ್ಲಿ ನಿಲ್ಲಿ. ಒಂದು ಲೋಟ ನೀರು ಕುಡಿದು ಬಂದು ಮತ್ತೆ ಓದಿ. ಗುರಿ ಅಂತ ಆರಿಸಿದ ಡಿಸ್ಕಿನಲ್ಲಿ ಇರುವುದೆಲ್ಲ ಅಳಿಸಿ ಹೋಗುತ್ತದೆ. ಎರಡನ್ನೂ ಅದಲುಬದಲು ಮಾಡಿದರೆ ಖಾಲಿ ಎಸ್‌ಎಸ್‌ಡಿ ನಿಮ್ಮ ಹತ್ತು ವರ್ಷದ ಲೆಕ್ಕದ ಮೇಲೆ ಕೂರುತ್ತದೆ. ಎರಡೂ 500 ಜಿಬಿ ಇದ್ದರೆ ಗಾತ್ರ ನೋಡಿ ಗೊತ್ತಾಗುವುದಿಲ್ಲ, ಮಾಡೆಲ್ ಹೆಸರು ಓದಬೇಕು. ನಾನು ಎಸ್‌ಎಸ್‌ಡಿ ಡಬ್ಬಿಯನ್ನು ಪಕ್ಕದಲ್ಲೇ ಇಟ್ಟುಕೊಂಡು, ಅದರ ಮೇಲಿನ ಅಕ್ಷರಕ್ಕೆ ಪರದೆಯ ಅಕ್ಷರ ತಾಳೆ ನೋಡುತ್ತೇನೆ. ಬೇರೆ ಯಾವ ಪೆನ್‌ಡ್ರೈವೂ ಬ್ಯಾಕಪ್ ಡಿಸ್ಕೂ ಆಗ ಜೋಡಿಸಿರಬಾರದು.

ಶುರುವಾದ ಮೇಲೆ ಒಂದೆರಡು ಗಂಟೆ ಹಿಡಿಯಬಹುದು. ಕೇಬಲ್ಲನ್ನು ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿಗೆ ಹಾಕಿದ್ದರೆ ಬೇಗ, ಹಳೆಯ ಯುಎಸ್‌ಬಿ 2ರಲ್ಲಿ ಜಾಸ್ತಿ ಹೊತ್ತು. ಕೇಬಲ್ ಅಲ್ಲಾಡಿಸಬೇಡಿ.

ಕೂರಿಸುವುದು

ಪೂರ್ತಿ ಆಫ್ ಮಾಡಿ, ವೈರ್ ಕಿತ್ತು, ಪವರ್ ಗುಂಡಿಯನ್ನು ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಲ್ಯಾಪ್‌ಟಾಪಿನ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಚಳಿಗಾಲದಲ್ಲಿ ನಮ್ಮ ಕಡೆ ಗಾಳಿ ಒಣಗಿರುತ್ತದೆ, ಚಿತ್ರದುರ್ಗ, ಚಳ್ಳಕೆರೆ ಕಡೆ ಇನ್ನೂ ಜಾಸ್ತಿ. ಉಣ್ಣೆ ಬಟ್ಟೆ ಹಾಕಿಕೊಂಡು ಮುಟ್ಟಿದರೆ ಕೈಯಿಂದ ಚುರ್ ಅನ್ನುವ ಸ್ಥಾಯಿ ವಿದ್ಯುತ್ ಚಿಪ್‌ಗೆ ಪೆಟ್ಟು ಕೊಡಬಹುದು. ಬಣ್ಣ ಬಳಿಯದ ಲೋಹವನ್ನು ಒಮ್ಮೆ ಮುಟ್ಟಿ ಆಮೇಲೆ ಕೈ ಹಾಕಿ.

ಬಿಚ್ಚಿದ ಸ್ಕ್ರೂಗಳು ಒಂದೇ ಉದ್ದ ಇರುವುದಿಲ್ಲ. ಕಾಗದದ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಟೇಪಿನಿಂದ ಅಂಟಿಸಿ. ಎಂ.2 ಆದರೆ 30 ಡಿಗ್ರಿ ಓರೆಯಾಗಿ ತೂರಿಸಿ, ಕೆಳಕ್ಕೆ ಒತ್ತಿ ಸ್ಕ್ರೂ ಹಾಕಬೇಕು. ಬಲ ಹಾಕಬೇಕಾಗಿ ಬಂದರೆ ಏನೋ ತಪ್ಪಿದೆ ಅಂತ ಅರ್ಥ.

ಮೊದಲ ಸಲ ಶುರು ಮಾಡುವಾಗ ಹಳೆಯ ಡಿಸ್ಕ್ ಜೋಡಿಸಿರಬಾರದು. ನಕಲು ಅಂದರೆ ಗುರುತಿನ ನಂಬರ್ ಕೂಡ ಒಂದೇ ಇರುವ ಅವಳಿ. ಎರಡೂ ಒಟ್ಟಿಗೆ ಇದ್ದರೆ ವಿಂಡೋಸ್‌ಗೆ ಗೊಂದಲ ಆಗುತ್ತದೆ, ನಮಗೂ ಯಾವುದರಿಂದ ಓಡುತ್ತಿದೆ ಅಂತ ಗೊತ್ತಾಗುವುದಿಲ್ಲ.

ತೆರೆಯದಿದ್ದರೆ ಗಾಬರಿ ಬೇಡ. ಬಯೋಸ್‌ಗೆ (ವಿಂಡೋಸ್‌ಗೂ ಮುಂಚೆ ತೆರೆಯುವ ಸೆಟ್ಟಿಂಗ್ ಪರದೆಗೆ) ಹೋಗಿ ಬೂಟ್ ಸಾಲಿನಲ್ಲಿ ಎಸ್‌ಎಸ್‌ಡಿ ಮೊದಲಿದೆಯಾ ನೋಡಿ. ಯುಇಎಫ್‌ಐ, ಲೆಗಸಿ ಅನ್ನುವ ಆಯ್ಕೆ ಹಳೆಯ ಡಿಸ್ಕ್ ಇದ್ದಾಗ ಹೇಗಿತ್ತೋ ಹಾಗೇ ಇರಲಿ. ಸಾಟಾದಿಂದ ಎನ್‌ವಿಎಂಇಗೆ ಬಂದವರಿಗೆ ಕೆಲವೊಮ್ಮೆ ನೀಲಿ ಪರದೆ ಬಂದು, ಬೂಟ್ ಡಿವೈಸ್ ಸಿಗುತ್ತಿಲ್ಲ ಅನ್ನುತ್ತದೆ. ಎರಡು ಮೂರು ಸಲ ಹಾಗಾದರೆ ವಿಂಡೋಸ್ ತಾನೇ ರಿಪೇರಿ ಪರದೆ ತೋರಿಸುತ್ತದೆ. ಅಲ್ಲಿಂದ ಸೇಫ್ ಮೋಡ್‌ನಲ್ಲಿ ಒಮ್ಮೆ ತೆರೆದು ಮತ್ತೆ ರೀಸ್ಟಾರ್ಟ್ ಮಾಡಿದರೆ ಹೆಚ್ಚಿನ ಸಲ ಸರಿಹೋಗುತ್ತದೆ.

ತೆರೆದ ಮೇಲೆ

ದೊಡ್ಡ ಎಸ್‌ಎಸ್‌ಡಿಗೆ ಬಂದಿದ್ದರೆ ಉಳಿದ ಜಾಗ ಖಾಲಿ ಬಿದ್ದಿರಬಹುದು. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಸಿ ಡ್ರೈವ್ ಮೇಲೆ ಬಲಗುಂಡಿ ಒತ್ತಿ ಎಕ್ಸ್‌ಟೆಂಡ್ ಕೊಡಿ. ಆ ಆಯ್ಕೆ ಮಂಕಾಗಿದ್ದರೆ ಸಿ ಮತ್ತು ಖಾಲಿ ಜಾಗದ ನಡುವೆ ರಿಕವರಿ ಪಾರ್ಟಿಷನ್ ಕೂತಿದೆ ಅಂತ ಅರ್ಥ. ಜಿಪಾರ್ಟೆಡ್ ಅನ್ನುವ ಉಚಿತ ತಂತ್ರಾಂಶದಿಂದ ಅದನ್ನು ಕೊನೆಗೆ ಸರಿಸಿದರೆ ದಾರಿ ಬಿಡುತ್ತದೆ.

ಆಪ್ಟಿಮೈಸ್ ಡ್ರೈವ್ಸ್‌ನಲ್ಲಿ ಸಿ ಡ್ರೈವ್ ಮುಂದೆ ಸಾಲಿಡ್ ಸ್ಟೇಟ್ ಡ್ರೈವ್ ಅಂತ ಇದ್ದರೆ ಸಾಕು, ಅದರ ವೇಳಾಪಟ್ಟಿಯನ್ನು ಆಫ್ ಮಾಡಬೇಡಿ. ವಿಂಡೋಸ್ ಅಲ್ಲಿ ಮುಖ್ಯವಾಗಿ ಮಾಡುವುದು ಟ್ರಿಮ್, ಅಂದರೆ ಅಳಿಸಿದ ಜಾಗ ಯಾವುದು ಅಂತ ಎಸ್‌ಎಸ್‌ಡಿಗೆ ತಿಳಿಸುವುದು. ಫೈಲಿನ ತುಣುಕುಗಳನ್ನು ಒಟ್ಟಿಗೆ ಜೋಡಿಸುವ ಬೇರೆ ಡಿಫ್ರಾಗ್ ತಂತ್ರಾಂಶ ಹಾಕಬೇಡಿ. ಎನ್‌ಕ್ರಿಪ್ಷನ್ ಆಫ್ ಮಾಡಿದ್ದವರು ಮತ್ತೆ ಆನ್ ಮಾಡಿ. ಆಮೇಲೆ ಒಂದು ಬಿಲ್ ಪ್ರಿಂಟ್ ತೆಗೆಯಿರಿ, ಹಳೆಯ ಕನ್ನಡದ ಫೈಲ್ ಒಂದನ್ನು ತೆರೆಯಿರಿ, ಸ್ಕ್ಯಾನರ್ ನೋಡಿ. ದಿನಾ ಮಾಡುವ ಕೆಲಸಗಳನ್ನೆಲ್ಲ ಒಂದೊಂದು ಸಲ ಮಾಡಿ ನೋಡಿ.

ಹಳೆಯ ಡಿಸ್ಕನ್ನು ಅವತ್ತೇ ಅಳಿಸಬೇಡಿ. ಕನಿಷ್ಠ ಒಂದು ತಿಂಗಳು ಹಾಗೇ ಇಡಿ. ಆಮೇಲೆ ಯುಎಸ್‌ಬಿ ಡಬ್ಬಿಯಲ್ಲಿ ಹಾಕಿ ಬ್ಯಾಕಪ್‌ಗೆ ಬಳಸಿ. ವರ್ಷಗಟ್ಟಲೆ ಕರೆಂಟ್ ಕೊಡದೆ ಎತ್ತಿಡುವ ಕೆಲಸಕ್ಕೆ ಎಸ್‌ಎಸ್‌ಡಿಗಿಂತ ಹಾರ್ಡ್ ಡಿಸ್ಕೇ ವಾಸಿ. ಮಾರುವುದಾದರೆ, ಗುಜರಿಗೆ ಕೊಡುವುದಾದರೆ, ಕ್ವಿಕ್ ಅಲ್ಲದ ಪೂರ್ತಿ ಫಾರ್ಮ್ಯಾಟ್ ಮಾಡಿಯೇ ಕೊಡಿ. ಕ್ವಿಕ್ ಫಾರ್ಮ್ಯಾಟ್ ಮಾಡಿದ ಡಿಸ್ಕಿನಿಂದ ಫೋಟೋ, ಲೆಕ್ಕ ಎಲ್ಲ ಮತ್ತೆ ಎತ್ತಬಹುದು.

ಮಾವನ ಡಿಸ್ಕಿನ ಮೇಲೆ ತಾರೀಕು ಬರೆದ ಚೀಟಿ ಅಂಟಿಸಿದ್ದೇನೆ. ಅದು ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿದೆ. ಮಾರ್ಚ್ ಲೆಕ್ಕ ಮುಗಿದು ಆಡಿಟರ್ ಸಹಿ ಹಾಕುವವರೆಗೆ ಯಾರೂ ಅದನ್ನು ಮುಟ್ಟುವ ಹಾಗಿಲ್ಲ ಅಂತ ಹೇಳಿ ಬಂದಿದ್ದೇನೆ. ಕಂಪ್ಯೂಟರ್ ಈಗ ಊದಿನಕಡ್ಡಿ ಹಚ್ಚುವಷ್ಟರಲ್ಲಿ ತೆರೆದುಕೊಂಡಿರುತ್ತದೆ.